ಬಿಳಿ ಕಲ್ಲಿನ ಗುಡ್ಡೆ

ಒಂದು ಕಾಡಿನಲ್ಲಿ ಎಲ್ಲ ಪ್ರಾಣಿಗಳಿಗೂ ಸುಸ್ತಾಗಿತ್ತು. ಬಿಸಿಲಿಗೆ ಸುಸ್ತಾಗುವುದು ಸರಿ, ಹಸಿವಿಗೆ ಸುಸ್ತಾಗುವುದೂ ಸರಿ. ಇವಕ್ಕೆ ಸುಸ್ತಾಗಿದ್ದು ದಿನಾ ಕಲ್ಲು ಹೊತ್ತು. ಯಾವ ಕಲ್ಲು, ಯಾಕೆ ಹೊತ್ತವು ಅಂತ ಹೇಳುತ್ತೇನೆ, ಕೇಳಿ. ನನಗೂ ಹೇಳಿ ಹೇಳಿ ಸಾಕಾಗಿದೆ, ಆದರೂ ಹೇಳುತ್ತೇನೆ.

ಆ ಕಾಡಿನಲ್ಲಿ ಸಣ್ಣಪುಟ್ಟ ಗುಂಡಿ ಬಿಟ್ಟರೆ ನೀರಿನ ಜಾಗ ಅಂತ ಇದ್ದದ್ದು ಎರಡೇ. ಮೂಡಣಕ್ಕೆ ಬಸರಿಕೆರೆ, ಪಡುವಣಕ್ಕೆ ಕಲ್ಲುಹಳ್ಳ. ಮೊದಲೆಲ್ಲ ದಾರಿಯಲ್ಲಿ ಎದುರು ಸಿಕ್ಕ ಪ್ರಾಣಿಗಳು "ಎಲ್ಲಿ ಕುಡಿದ್ರಿ? ನೀರು ಹೇಗಿದೆ?" ಅಂತ ಕೇಳಿಕೊಳ್ಳುತ್ತಿದ್ದವು. ಅಷ್ಟರಲ್ಲೇ ಕಾಡು ಚೆನ್ನಾಗಿ ನಡೆಯುತ್ತಿತ್ತು.

ನಡುಕಾಡಿನ ಗುಹೆಯಲ್ಲಿ ಒಂದು ನರಿ ಇತ್ತು. ಬೇಟೆಗೆ ಮೈ ಬಗ್ಗದು, ಬಾಯಿ ಮಾತ್ರ ಬಹಳ ಚುರುಕು. ಒಂದು ದಿನ ಅದು ಎಲ್ಲರನ್ನೂ ಕರೆಸಿತು.

"ಬಾಯಿಮಾತು ನಂಬ್ಕೊಂಡು ಎಷ್ಟು ದಿನ ಬದುಕ್ತೀರಿ? ಇನ್ನು ಮೇಲೆ ಎಲ್ಲ ಕ್ರಮವಾಗಿ ನಡೀಲಿ. ದಿನಾ ಬೆಳಿಗ್ಗೆ ನೀರು ನೋಡ್ಕೊಂಡು ಗುಹೆಗೆ ಬನ್ನಿ. ನೀರಿದ್ದರೆ ಬಿಳಿ ಕಲ್ಲು ಹಾಕಿ, ಇಲ್ಲದಿದ್ದರೆ ಕರಿ ಕಲ್ಲು. ಬಸರಿಕೆರೆಗೊಂದು ಗುಡ್ಡೆ, ಕಲ್ಲುಹಳ್ಳಕ್ಕೊಂದು ಗುಡ್ಡೆ. ಯಾವ ಕಡೆ ಹೋಗಬೇಕು ಅಂತ ನೀವ್ಯಾರೂ ತಲೆ ಕೆಡಿಸ್ಕೋಬೇಡಿ. ಗುಡ್ಡೆ ನೋಡಿ ನಾನು ಹೇಳ್ತೀನಿ."

"ಪುಕ್ಕಟೆ ಹೇಳ್ತೀಯಾ?" ಅಂತ ಕೋತಿ ಕೇಳಿತು.

"ಛೇ ಛೇ, ನಂಗೇನು ಬೇಕು? ಕೇಳೋಕೆ ಬರೋವಾಗ ತಿನ್ನೋಕೆ ಏನಾದ್ರೂ ತಂದ್ರೆ ಸಾಕು."

ತಂದವು. ಎಲಚಿ ಹಣ್ಣು ತಂದವು, ಜೇನು ತಂದವು, ಏಡಿ ತಂದವು. ನರಿ ಕೂತಲ್ಲೇ ತಿಂದು ಊದಿಕೊಂಡಿತು. ಎರಡು ವರ್ಷ ಗುಹೆಯ ಬಾಗಿಲು ದಾಟಿ ಒಂದು ಹೆಜ್ಜೆ ಇಡಲಿಲ್ಲ.

ಮೂರನೆಯ ಬೇಸಿಗೆ ಬಂತು. "ಈ ಸಲ ಎಲ್ಲರೂ ಬಸರಿಕೆರೆಗೇ ಹೋಗಿ" ಎಂದು ನರಿ ಮೊದಲೇ ಸಾರಿಬಿಟ್ಟಿತು. ಯಾಕೆ ಗೊತ್ತೇ? ಆ ದಾರಿ ಗುಹೆಯ ಮುಂದೆಯೇ ಹಾದು ಹೋಗುತ್ತಿತ್ತು. ಹೋಗುವವರೂ ಬರುವವರೂ ಏನಾದರೂ ಕೊಟ್ಟೇ ಹೋಗಬೇಕಿತ್ತು. ನೋಡಿ, ಎಂಥ ಬುದ್ಧಿ!

ಒಂದು ಬೆಳಿಗ್ಗೆ ಕೊಕ್ಕರೆ ಕರಿ ಕಲ್ಲು ಕಚ್ಚಿಕೊಂಡು ಬಂತು.

"ಏನಿದು?" ನರಿ ಹುಬ್ಬು ಗಂಟಿಕ್ಕಿತು.

"ಬಸರಿಕೆರೆ ತಳ ಕಂಡಿದೆ ಸ್ವಾಮಿ. ದಿನಾ ಅಲ್ಲೇ ಮೀನು ಹಿಡಿಯೋಳು ನಾನು. ಕಣ್ಣಾರೆ ನೋಡಿ ಬಂದೆ."

"ಇಷ್ಟು ಬಿಳಿ ಕಲ್ಲಿನ ಮಧ್ಯೆ ನಿಂದೊಂದು ಕರಿ ಕಲ್ಲಾ? ನಾನು ಕಾಡಿಗೆಲ್ಲ ಹೇಳಿ ಆಗಿದೆ. ಈಗ ಮಾತು ಬದಲಾಯಿಸಿದ್ರೆ ನನ್ನ ಮರ್ಯಾದೆ ಏನಾಗಬೇಕು? ಹೋಗು, ಸರಿಯಾಗಿ ನೋಡ್ಕೊಂಡು ಬಾ!"

ನರಿ ಆ ಕಲ್ಲನ್ನು ಪೊದೆಗೆ ಒದ್ದುಬಿಟ್ಟಿತು. ಕೊಕ್ಕರೆ ಮೂರು ದಿನ ಕರಿ ಕಲ್ಲು ತಂದಿತು, ಮೂರು ದಿನವೂ ಬೈಸಿಕೊಂಡಿತು. ನಾಲ್ಕನೆಯ ದಿನ ಪಾಪ, ಅದೂ ಬಿಳಿ ಕಲ್ಲು ಹಾಕಿ ಸುಮ್ಮನೆ ಹಾರಿಹೋಯಿತು.

ಉಳಿದವು ಇದನ್ನು ನೋಡುತ್ತಲೇ ಇದ್ದವು. ಅವಕ್ಕೆ ತಮ್ಮ ತಮ್ಮ ಮೂಲೆಯ ಗುಂಡಿಗಳಲ್ಲಿ ಇನ್ನೂ ಒಂದಿಷ್ಟು ನೀರಿತ್ತು. ಅದರಲ್ಲೇ ದಿನ ತಳ್ಳುತ್ತ, ಕೆರೆಯ ಕಡೆ ತಲೆ ಹಾಕದೆ, ದಿನಾ ಒಂದು ಬಿಳಿ ಕಲ್ಲು ಎಸೆದು ಬರತೊಡಗಿದವು. ಕೋತಿಯಂತೂ ಒಂದು ವಾರದ ಕಲ್ಲನ್ನು ಒಂದೇ ದಿನ ತಂದು ಸುರಿಯಿತು.

"ಕೆರೆ ನೋಡ್ಕೊಂಡು ಬಂದ್ಯಾ?" ಅಂತ ಜಿಂಕೆ ಕೇಳಿತು.

"ನೋಡಿದ್ರೂ ಬಿಳೀನೇ ಹಾಕ್ಬೇಕು. ಮತ್ತೆ ನೋಡೋದ್ಯಾಕೆ?" ಎಂದಿತು ಕೋತಿ.

ಜಿಂಕೆಗೂ ಅದು ಸರಿ ಅನ್ನಿಸಿತು. ಏನು ಹೇಳೋಣ ಇವಕ್ಕೆ!

ಕಾಡೆಮ್ಮೆಗಳ ಹಿಂಡಿಗೆ ಒಬ್ಬಳು ಮುದುಕಿ ಹಿರಿಯಳಾಗಿದ್ದಳು. ಎಲ್ಲರೂ ಅವಳನ್ನು ದೊಡ್ಡವ್ವ ಅನ್ನುತ್ತಿದ್ದರು. ಅವರ ಗುಂಡಿ ಎಲ್ಲರಿಗಿಂತ ಮೊದಲು ಬತ್ತಿತು. ದೊಡ್ಡವ್ವ ಹಿಂಡನ್ನು ಕರೆದುಕೊಂಡು ನರಿಯ ಗುಹೆಗೆ ಬಂದಳು.

"ನರಿಯಪ್ಪ, ಎರಡು ದಿನದಿಂದ ಕರುಗಳ ಬಾಯಿಗೆ ಹನಿ ನೀರು ಬಿದ್ದಿಲ್ಲ. ನನಗಂತೂ ಒಂದು ಕಡೆ ನಡೆಯೋಷ್ಟು ಬಲ ಇದೆ, ತಪ್ಪಿದ್ರೆ ಇನ್ನೊಂದು ಕಡೆ ನಡೆಯೋಕೆ ಇಲ್ಲ. ಯೋಚನೆ ಮಾಡಿ ಹೇಳು. ಬಸರಿಕೆರೆಯೋ, ಕಲ್ಲುಹಳ್ಳವೋ?"

ನರಿ ಗುಡ್ಡೆ ನೋಡಿತು. ಬಸರಿಕೆರೆಯ ಗುಡ್ಡೆ ಗುಹೆಯ ಮಾಡು ಮುಟ್ಟಿತ್ತು. ಹುಡುಕಿದರೂ ಒಂದು ಕರಿ ಕಲ್ಲಿಲ್ಲ. ಅಷ್ಟೂ ಬಿಳಿ ಕಂಡು ನರಿಗೇ ನಂಬಿಕೆ ಬಂದುಬಿಟ್ಟಿತ್ತು. ಕರಿ ಕಲ್ಲನ್ನು ಒದ್ದದ್ದು ತಾನೇ ಅನ್ನುವುದು ಮರೆತೇ ಹೋಗಿತ್ತು.

"ಬಸರಿಕೆರೆ ದೊಡ್ಡವ್ವ! ಅನುಮಾನವೇ ಬೇಡ."

"ಅನುಮಾನ ಇಲ್ಲ ಅಂದ್ಮೇಲೆ ನೀನೇ ಮುಂದೆ ನಡಿ" ಎಂದಳು ದೊಡ್ಡವ್ವ.

ಹತ್ತೊಂಬತ್ತು ಕಾಡೆಮ್ಮೆಗಳು ಸುತ್ತ ನಿಂತಿರುವಾಗ ಒಲ್ಲೆ ಅನ್ನುವುದು ಹೇಗೆ? ನರಿ ಏದುಸಿರು ಬಿಡುತ್ತ ನಡೆಯಿತು. ನೆತ್ತಿ ಸುಡುವ ಬಿಸಿಲು. ಕರುಗಳು ಅಲ್ಲಲ್ಲಿ ಕುಸಿದು ಕೂತವು. ದೊಡ್ಡವ್ವ ಒಂದೊಂದನ್ನೂ ಮೂತಿಯಿಂದ ನೂಕಿ ಎಬ್ಬಿಸಿದಳು. ಮಧ್ಯಾಹ್ನದ ಹೊತ್ತಿಗೆ ದೂರದಲ್ಲಿ ಕೆರೆ ಬೆಳ್ಳಗೆ ಹೊಳೆಯಿತು.

"ನೋಡಿದ್ರಾ? ನಾನು ಹೇಳ್ಲಿಲ್ವಾ?" ಎಂದು ನರಿ ಓಡಿತು.

ಹೊಳೆದದ್ದು ನೀರಲ್ಲ, ಒಣಗಿದ ಕೆಸರಿನ ಹಕ್ಕಳೆ. ನರಿಯ ಭಾರಕ್ಕೆ ಅದು ಒಡೆಯಿತು. ಒಳಗಿನ ಹಸಿ ಕೆಸರಲ್ಲಿ ನರಿ ಕುತ್ತಿಗೆವರೆಗೆ ಹೂತುಹೋಯಿತು.

"ಯಾರೂ ಇಳೀಬೇಡಿ!" ಎಂದು ದೊಡ್ಡವ್ವ ಕೂಗಿದಳು. ಹಿಂಡು ದಡದಲ್ಲೇ ನಿಂತಿತು. ಕರುಗಳು ಬರೀ ನೆಲ ನೆಕ್ಕಿದವು. ದಡದ ಒಣಮರದ ಮೇಲೆ ಕೊಕ್ಕರೆ ತಲೆ ತಗ್ಗಿಸಿಕೊಂಡು ಕೂತಿತ್ತು.

"ಅವ್ವಾ, ಕಲ್ಲುಹಳ್ಳದಲ್ಲಿ ನೀರಿದೆ. ಇವತ್ತು ಬೆಳಿಗ್ಗೆ ಅಲ್ಲೇ ಕುಡಿದು ಬಂದೆ."

"ಮೊದಲೇ ಯಾಕಮ್ಮ ಹೇಳ್ಲಿಲ್ಲ?"

"ಕೆರೆ ಬತ್ತಿದೆ ಅಂತ ಗುಹೆಗೆ ಹೋಗಿ ಮೂರು ಸಲ ಹೇಳಿದೆ. ಬೇಡ ಅಂದ್ರು. ಸಾಕಾಗಿ ಬಿಟ್ಟುಬಿಟ್ಟೆ."

ದೊಡ್ಡವ್ವ ಬೈಯಲಿಲ್ಲ. "ಸರಿ, ಈಗ ದಾರಿ ತೋರಿಸು. ಕರುಗಳನ್ನ ನಡುವೆ ಹಾಕ್ಕೊಂಡು ಎಲ್ಲರೂ ಇವಳ ಹಿಂದೆ ಹೋಗಿ. ಎಲ್ಲೂ ನಿಲ್ಲಬೇಡಿ."

"ನೀನು?" ಅಂತ ಅವಳ ಮಗಳು ಕೇಳಿದಳು.

"ನಾನು ಆಮೇಲೆ ಬರ್ತೀನಿ, ನಡಿ" ಎಂದಳು. ಬರುವುದಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಕರುಗಳ ಮುಖ ನೋಡಿ ಮಗಳು ಹೊರಟಳು.

ಹಿಂಡು ಕಣ್ಮರೆಯಾಯಿತು. ಕೆಸರಿನಿಂದ ನರಿ ಗೋಗರೆಯಿತು.

"ದೊಡ್ಡವ್ವ, ನಿನ್ನ ದಮ್ಮಯ್ಯ, ಕೊಂಬು ಚಾಚು. ಹಿಡ್ಕೊಂಡು ಮೇಲೆ ಬರ್ತೀನಿ."

ದೊಡ್ಡವ್ವ ದಡದ ಅಂಚಿಗೆ ಬಂದು ಕತ್ತು ಚಾಚಿದಳು. ನಿಜವಾಗಿಯೂ ಚಾಚಿದಳು. ಮುಂಗಾಲು ಮಡಚಿ ಅಲ್ಲೇ ಕುಸಿದಳು. ಕೊಂಬು ನರಿಗೆ ಎಟುಕಲಿಲ್ಲ.

"ಆಗ್ತಿಲ್ಲ ಕಣಪ್ಪ. ಬೆಳಿಗ್ಗೆ ಆಗಿದ್ರೆ ನಿನ್ನಂಥ ಹತ್ತು ಜನಾನ ಎಳೀತಿದ್ದೆ. ಆ ಬಲಾನೆಲ್ಲ ನಿನ್ನ ಹಿಂದೆ ನಡೆದೇ ಮುಗಿಸಿದೆ."

ಮರುದಿನ ಬೆಳಗಾಗುವಾಗ ಹಿಂಡು ಕಲ್ಲುಹಳ್ಳ ಮುಟ್ಟಿತು. ಕರುಗಳು ಹೊಟ್ಟೆ ಬಿರಿಯುವಷ್ಟು ಕುಡಿದವು. ಅದನ್ನು ಕಣ್ಣಾರೆ ನೋಡಿದ ಕೊಕ್ಕರೆ ಸುದ್ದಿ ಹೇಳಲು ಬಸರಿಕೆರೆಗೆ ವಾಪಸು ಹಾರಿ ಬಂತು. ಕೆಸರಲ್ಲಿ ನರಿಯ ಸದ್ದಡಗಿತ್ತು. ದೊಡ್ಡವ್ವ ಪಡುವಣಕ್ಕೆ ಮುಖ ಮಾಡಿ ಮಲಗಿದ್ದಳು, ಉಸಿರಿರಲಿಲ್ಲ.

"ನೀರಿದೆ ಅವ್ವಾ, ಎಲ್ಲರೂ ಕುಡಿದ್ರು" ಅಂತ ಕೊಕ್ಕರೆ ಅವಳ ಕಿವಿಯ ಹತ್ತಿರ ಹೇಳಿತು. ಕೇಳುವವರು ಯಾರೂ ಇರಲಿಲ್ಲ. ಆದರೂ ಇನ್ನೊಂದು ಸಲ ಹೇಳಿತು.

ನೀತಿ: ಬೇಡದ ಸತ್ಯ ತಂದವರ ಬಾಯಿ ಮುಚ್ಚಿಸಿದರೆ ಎಲ್ಲರೂ ಬೇಕಾದ ಸುಳ್ಳನ್ನೇ ತರುತ್ತಾರೆ, ಆಪತ್ತಿನಲ್ಲಿ ಆ ಸುಳ್ಳು, ಹೇಳಿಸಿಕೊಂಡವನನ್ನೂ ಅವನನ್ನು ನಂಬಿದವರನ್ನೂ ಒಟ್ಟಿಗೇ ಮುಳುಗಿಸುತ್ತದೆ.