ಎದುರುಮನೆಗೆ ಹೋಗುತ್ತಿದ್ದ ತಟ್ಟೆ

"ಅಯ್ಯನವರೇ, ನಾವು ಹೊಟ್ಟೆ ಕಟ್ಟಿ ಉಳಿಸಿ ಕೊಟ್ಟದ್ದನ್ನು ತೆಗೆದುಕೊಂಡವರು ನಮಗೆ ಮುಖ ಕೊಡದೆ ಬಾಗಿಲು ಹಾಕಿಕೊಂಡರೆ ತಪ್ಪು ಯಾರದು?"

ಹೀಗೆ ಕೇಳಿದವನು ಯೋತಾಮನೆಂಬ ಶಿಷ್ಯ. ಮುಪ್ಪಾದ ಸಭಾಪಾಲಕರೊಬ್ಬರ ಬಳಿ ಇದ್ದುಕೊಂಡು ಅವನು ದೈವಜ್ಞಾನ ಕಲಿಯುತ್ತಿದ್ದ. ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದಲ್ಲಿ ಅವನೂ ಅವನ ಜೊತೆಯವರೂ ರಾತ್ರಿಯ ಊಟ ಬಿಟ್ಟಿದ್ದರು. ಹಾಗೆ ಉಳಿದ ಅಕ್ಕಿ, ಬೇಳೆ, ಬೆಲ್ಲವನ್ನು ಗಂಟು ಕಟ್ಟಿ ಬಡವರ ಮನೆಗಳಿಗೆ ಹಂಚಿ ಬಂದಿದ್ದರು. ಒಂದು ಮನೆಯ ಮುದುಕ ಗಂಟನ್ನು ಒಳಗಿಟ್ಟುಕೊಂಡು, ಒಂದು ಮಾತೂ ಆಡದೆ ಕದ ಮುಚ್ಚಿದ್ದ. ಊಟ ಬಿಟ್ಟದ್ದಕ್ಕಿಂತ ಅದೇ ಹೆಚ್ಚು ಸಂಕಟವಾಯಿತು ಎಂದು ಯೋತಾಮ ಹೇಳಿಕೊಂಡ.

ಅಯ್ಯನವರು ತಪ್ಪು ಯಾರದೆಂದು ಹೇಳಲಿಲ್ಲ. ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ನೇಕಾರನಿದ್ದ. ಮನೆಯಲ್ಲಿ ಒಂದು ಮಗ್ಗ, ಮೂರು ಮಕ್ಕಳು, ಒಬ್ಬಳು ಗಟ್ಟಿಗಿತ್ತಿ ಹೆಂಡತಿ. ಆಗಮನ ಕಾಲದ ಮೊದಲ ಭಾನುವಾರ ದೇವಾಲಯದಿಂದ ಬಂದವಳೇ ಅವಳು ಅಡುಗೆಮನೆಯ ಆಡಳಿತ ಬಿಗಿ ಮಾಡುತ್ತಿದ್ದಳು. ಎಣ್ಣೆಯ ಡಬ್ಬಿ ಮೇಲಿನ ಹಲಗೆಗೆ ಏರುತ್ತಿತ್ತು. ಒಣಕೊಬ್ಬರಿ ಪೆಟ್ಟಿಗೆ ಸೇರಿ ಬೀಗ ಬೀಳುತ್ತಿತ್ತು. ಚಹಾಕ್ಕೆ ಬೆಲ್ಲ ಹಾಕಿದರೋ ತೋರಿಸಿದರೋ ಎಂದು ಹೇಳುವುದು ಕಷ್ಟವಾಗುತ್ತಿತ್ತು. ಕ್ರಿಸ್ತ ಹುಟ್ಟುವವರೆಗೆ ನಮ್ಮ ಮನೆಯಲ್ಲಿ ಸಾಸಿವೆ ಸಿಡಿಯುವುದಿಲ್ಲ ಎಂದು ನೇಕಾರ ಮಗ್ಗದ ಮುಂದೆ ಕುಳಿತು ಗೊಣಗುತ್ತಿದ್ದ. ಗೊಣಗಿದರೂ ಒಗ್ಗರಣೆಯಿಲ್ಲದ ಬೇಳೆಗೆ ರೊಟ್ಟಿ ಅದ್ದಿ ತಿಂದು ಏಳುತ್ತಿದ್ದ.

ಅವಳನ್ನು ಜಿಪುಣಿ ಎನ್ನಬೇಡ ಯೋತಾಮ. ಜಿಪುಣರು ಕೂಡಿಡುವುದು ಇಟ್ಟುಕೊಳ್ಳಲು. ಇವಳು ಕೂಡಿಡುತ್ತಿದ್ದದ್ದು ಒಂದೇ ಸಲ ಕೈಬಿಚ್ಚಲು. ಹಬ್ಬ ಹತ್ತಿರ ಬಂದಾಗ ಆ ಎಣ್ಣೆ ಬಾಣಲೆಗೆ ಇಳಿಯುತ್ತಿತ್ತು. ಕರ್ಚಿಕಾಯಿ, ಚಕ್ಕುಲಿ, ಶೇಂಗಾ ಉಂಡೆ ಆಗುತ್ತಿದ್ದವು. ಹಬ್ಬದ ದಿನ ಮಟನ್ ಸಾರು, ಅನ್ನ, ಶಾವಿಗೆ ಪಾಯಸ. ಆದರೆ ಮಕ್ಕಳು ಒಂದು ಚಕ್ಕುಲಿ ಮುರಿಯುವ ಮೊದಲು ನೆರೆಮನೆಗಳಿಗೆ ಈ ತಿಂಡಿಗಳ ಫರಾಳದ ತಟ್ಟೆಗಳು ಹೋಗಬೇಕಿತ್ತು. ಅವುಗಳಲ್ಲಿ ಎಲ್ಲಕ್ಕಿಂತ ತುಂಬಿದ ತಟ್ಟೆ ಎದುರುಮನೆಯ ಲೇಯವ್ವನದು.

ಲೇಯವ್ವ ವಿಧವೆ. ಅವಳ ಗಂಡನೂ ನೇಕಾರನೇ ಆಗಿದ್ದ. ಅವನು ತೀರಿಕೊಂಡ ಮೇಲೆ ಮಗ್ಗ ಮಾರಿಹೋಯಿತು. ಊರವರ ಮಗ್ಗಗಳಿಗೆ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿಕೊಟ್ಟು ಅವಳು ಜೀವನ ಮಾಡುತ್ತಿದ್ದಳು. ಅವಳೂ ನೇಕಾರನ ಹೆಂಡತಿಯೂ ಮದುವೆಯಾಗಿ ಆ ಬೀದಿಗೆ ಬಂದಾಗಿನಿಂದ ಒಬ್ಬರನ್ನೊಬ್ಬರು ಬಿಟ್ಟು ಇದ್ದವರಲ್ಲ. ಬಾಣಂತನವನ್ನೂ ಸಾವನ್ನೂ ಕೂಡಿಯೇ ಕಂಡವರು. ವಯಸ್ಸಿನಲ್ಲಿ ಹಿರಿಯಳೆಂದು ನೇಕಾರನ ಹೆಂಡತಿ ಲೇಯವ್ವನನ್ನು ಅಕ್ಕ ಎನ್ನುತ್ತಿದ್ದಳು.

ನಮ್ಮ ಕಡೆಯ ಪದ್ಧತಿ ನಿನಗೆ ಗೊತ್ತು. ಹಬ್ಬದ ತಟ್ಟೆಯನ್ನು ಯಾರೂ ಬರಿದಾಗಿ ಹಿಂದಕ್ಕೆ ಕಳಿಸುವುದಿಲ್ಲ. ಗಂಡ ತೀರಿಕೊಂಡ ವರ್ಷ ಲೇಯವ್ವ ತಟ್ಟೆಯಲ್ಲಿ ತಾನು ಕರಿದ ಕರ್ಚಿಕಾಯಿ ಇಟ್ಟು ಕಳಿಸಿದಳು. ಮರುವರ್ಷ ಒಂದು ಬೆಲ್ಲದ ಉಂಡೆ ಬಂತು. ಆಮೇಲಿನ ವರ್ಷ ಒಂದು ಹಿಡಿ ಸಕ್ಕರೆ ಬಂತು. ನೇಕಾರನ ಹೆಂಡತಿ ಸಕ್ಕರೆ ನೋಡಿ ಮರುಗಿದಳು. ಪಾಪ, ಅಕ್ಕನಿಗೆ ಕಷ್ಟ ಹೆಚ್ಚಾಗಿದೆ, ಮುಂದಿನ ಸಲ ತಟ್ಟೆ ಇನ್ನಷ್ಟು ತುಂಬಬೇಕು ಎಂದುಕೊಂಡಳು. ಒಳ್ಳೆಯ ಮನಸ್ಸಿನವರು ಹೀಗೆಯೇ ಯೋಚಿಸುತ್ತಾರೆ.

ಮುಂದಿನ ಸಲ ತಟ್ಟೆಯ ಮೇಲೆ ಮುಚ್ಚಿದ ಬಟ್ಟೆ ಗೋಪುರದಂತೆ ಎದ್ದು ನಿಂತಿತ್ತು. ಲೇಯವ್ವನ ಮನೆಗೆ ಬೀಗ. ತಂಗಿಯ ಊರಿಗೆ ಹೋದಳೆಂದು ಯಾರೋ ಹೇಳಿದರು. ಅದರ ಮುಂದಿನ ವರ್ಷ ಬೀಗವಿರಲಿಲ್ಲ, ಒಳಗಿನಿಂದ ಅಗಳಿ ಬಿದ್ದಿತ್ತು. ಮನೆಯ ಮೇಲೆ ಒಲೆಯ ಹೊಗೆ ಕಾಣುತ್ತಿತ್ತು. ಇವಳು ಕದ ಬಡಿದಳು, ಕರೆದಳು. ಕದ ತೆರೆಯಲಿಲ್ಲ. ಅಷ್ಟು ಹೊತ್ತಿಗೆ ಲೇಯವ್ವ ದೇವಾಲಯದಲ್ಲಿ ಹಿಂದಿನ ಬೆಂಚಿಗೆ ಸರಿದಿದ್ದಳು. ಆರಾಧನೆ ಶುರುವಾದ ಮೇಲೆ ಬಂದು, ಆಶೀರ್ವಾದಕ್ಕೆ ಮೊದಲೇ ಎದ್ದು ಹೋಗುತ್ತಿದ್ದಳು. ಆಮೇಲೆ ಕೆಲವು ಭಾನುವಾರ ಬರುವುದನ್ನೂ ಬಿಟ್ಟಳು.

ನೇಕಾರನ ಹೆಂಡತಿಗೆ ದುಃಖವಾಯಿತು. ಆಮೇಲೆ ಸಿಟ್ಟು ಬಂತು. ನಾನು ಏನು ತಪ್ಪು ಮಾಡಿದೆ, ಮಕ್ಕಳ ಬಾಯಿಗೆ ಬೀಗ ಹಾಕಿ ಅವಳ ತಟ್ಟೆ ತುಂಬಿದೆನಲ್ಲ ಎಂದು ಗಂಡನ ಮುಂದೆ ಅತ್ತಳು. ಇನ್ನೂ ಎರಡು ಹಬ್ಬ ಹೀಗೇ ಹೋದರೆ ಅಕ್ಕ ತನ್ನ ಪಾಲಿಗೆ ಇಲ್ಲವಾಗುತ್ತಾಳೆ ಎಂಬ ಹೆದರಿಕೆ ಅವಳಿಗಿತ್ತು. ಕೊನೆಗೆ ಅವಳಿಗೆ ತೋಚಿದ್ದೇನು ಗೊತ್ತೇ? ಈ ವರ್ಷ ಗಂಡನಿಗೆ ಹೊಸ ಅಂಗಿ ಬೇಡ, ಆ ದುಡ್ಡಿಗೆ ಗೋಡಂಬಿ, ದ್ರಾಕ್ಷಿ ತಂದು ಅಕ್ಕನ ತಟ್ಟೆಗೆ ಹಾಕೋಣ ಎಂದು. ನೇಕಾರ ತನ್ನ ಹಳೆಯ ಅಂಗಿಯ ತೋಳನ್ನು ಒಮ್ಮೆ ನೋಡಿಕೊಂಡು ಮತ್ತೆ ಮಗ್ಗಕ್ಕೆ ಕುಳಿತ. ನಗಬೇಡ, ನೀನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ಹಬ್ಬಕ್ಕೆ ಇನ್ನೂ ದಿನಗಳಿದ್ದವು. ಒಂದು ಮಧ್ಯಾಹ್ನ ಬೀದಿಯಲ್ಲಿ ಕಾರು ನಿಂತ ಸದ್ದಾಯಿತು. ನೇಕಾರನ ಹೆಂಡತಿಯ ಸ್ವಂತ ಅಕ್ಕ, ಹುಬ್ಬಳ್ಳಿಯ ಬಟ್ಟೆ ವ್ಯಾಪಾರಿಗೆ ಕೊಟ್ಟವಳು, ಬಂದಿದ್ದಳು. ಹಿಂದಿನ ಸೀಟಿನಲ್ಲಿ ಬುಟ್ಟಿ ಇತ್ತು. ಅದರ ತುಂಬ ಕೇಕು, ಪೇಡೆ, ಮಕ್ಕಳಿಗೆ ಬಟ್ಟೆ. ಆ ಅಕ್ಕ ಒಳ್ಳೆಯವಳು, ಪ್ರೀತಿಯಿಂದಲೇ ತಂದಿದ್ದಳು. ಕಿಟಕಿಯಿಂದ ಬುಟ್ಟಿಯನ್ನು ಕಂಡ ನೇಕಾರನ ಹೆಂಡತಿ ಅಡುಗೆಮನೆ ಹೊಕ್ಕಳು. ಬುಟ್ಟಿಯನ್ನು ಬರಿದಾಗಿ ಕಳಿಸುವಂತಿಲ್ಲ. ಆದರೆ ಇನ್ನೂ ಏನೂ ಕರಿದಿಲ್ಲ, ಮನೆಯಲ್ಲಿ ಇರುವುದು ಜೋಳದ ಹಿಟ್ಟು. ಹೋದ ವರ್ಷ ಅದೇ ಬುಟ್ಟಿಯಲ್ಲಿ ಬರೀ ಜೋಳದ ರೊಟ್ಟಿ ಇಟ್ಟು ಕಳಿಸಿದ್ದನ್ನು ನೆನೆದು ಅವಳ ಮುಖ ಸುಟ್ಟಂತಾಯಿತು. ಅಡುಗೆಮನೆಯ ಕದ ಹಾಕಿ ಅಗಳಿ ಜಡಿದಳು. ಹೊರಗೆ ಅಕ್ಕ, ತಂಗಿ ಎಲ್ಲಿ ಎಂದು ಕೇಳುತ್ತಿದ್ದಳು. ನೇಕಾರ ಏನು ಹೇಳಬೇಕೆಂದು ತಿಳಿಯದೆ, ಎಲ್ಲಿಗೋ ಹೋಗಿದ್ದಾಳೆ ಎಂದ. ಅಕ್ಕ ಬುಟ್ಟಿ ಇಟ್ಟು, ಸ್ವಲ್ಪ ಹೊತ್ತು ಕಾದು, ಬೇಸರದಿಂದಲೇ ಹೊರಟುಹೋದಳು.

ನೇಕಾರ ಅಡುಗೆಮನೆಯ ಕದ ತಟ್ಟಿದ. "ನಿಮ್ಮಕ್ಕ ಹ್ವಾದಳು, ಹೊರಗ ಬಾ. ಒಡಹುಟ್ಟಿದಾಕಿಗೆ ಯಾರರ ಕದ ಹಾಕ್ಕೊಂತಾರೇನು?"

ಒಳಗೆ ಅಗಳಿ ಸರಿದ ಸದ್ದಾಯಿತು. ಆಮೇಲೆ ಅವಳು ಅಂದಳು: "ಲೇಯಕ್ಕನೂ ಕದದ ಹಿಂದ ಹಿಂಗ ನಿಂತಿದ್ದಳು ನೋಡ್ರಿ."

ಆ ಮಧ್ಯಾಹ್ನವೇ ಅವಳು ಬೀದಿ ದಾಟಿದಳು. ಕೈಯಲ್ಲಿ ತಟ್ಟೆಯಿರಲಿಲ್ಲ, ಏನೂ ಇರಲಿಲ್ಲ. ಹಬ್ಬಕ್ಕೆ ಇನ್ನೂ ದಿನಗಳಿದ್ದುದರಿಂದ ಲೇಯವ್ವನ ಕದ ತೆರೆದೇ ಇತ್ತು. ಹಿಂದೆಲ್ಲ ಹಬ್ಬದ ಕರ್ಚಿಕಾಯಿಗೆ ಆ ಬೀದಿಯ ಹೆಂಗಸರು ಮುಯ್ಯಾಳಾಗಿ ಕೂಡುತ್ತಿದ್ದರು. ಇಂದು ನಿನ್ನ ಮನೆಯದು, ನಾಳೆ ನನ್ನ ಮನೆಯದು. ಲೇಯವ್ವನ ಮನೆಯಲ್ಲಿ ಬಾಣಲೆ ಇಡುವುದು ನಿಂತ ಮೇಲೆ ಅವಳನ್ನು ಯಾರೂ ಕರೆದಿರಲಿಲ್ಲ. ಕಷ್ಟದಲ್ಲಿದ್ದವಳಿಂದ ಕೆಲಸ ಮಾಡಿಸಿಕೊಳ್ಳುವುದು ಸರಿಯಲ್ಲವೆಂದು ಎಲ್ಲರೂ ಕನಿಕರಪಟ್ಟಿದ್ದರು. ಕನಿಕರಪಟ್ಟು ಅವಳನ್ನು ಮನೆಯಲ್ಲಿ ಕೂರಿಸಿದ್ದರು.

"ಅಕ್ಕಾ, ನನ್ನ ಕರ್ಚಿಕಾಯಿ ಎಣ್ಣ್ಯಾಗ ಬಾಯಿ ಬಿಡ್ತಾವ. ಈ ಸಲ ನೀ ಬಂದು ಅಂಚು ಮಡಚಿಕೊಡು," ಎಂದಳು ನೇಕಾರನ ಹೆಂಡತಿ.

ಲೇಯವ್ವ ನೂಲು ಸುತ್ತುವುದನ್ನು ನಿಲ್ಲಿಸಲಿಲ್ಲ. "ಖರೇ ಹೇಳು. ನಿನ್ನ ಕರ್ಚಿಕಾಯಿ ಯಾವತ್ತರ ಬಾಯಿ ಬಿಟ್ಟಾವೇನು?"

"ಇಲ್ಲ," ಎಂದಳು ಇವಳು. ಸುಳ್ಳು ಸಿಕ್ಕಿಬಿದ್ದ ಮೇಲೆ ಅವಳ ಬಳಿ ಉಳಿದದ್ದು ನಿಜ ಮಾತ್ರ. "ನೀ ಇಲ್ಲದ ಮಾಡಿದ್ದು ನನಗ ಗಂಟಲಾಗ ಇಳಿಯವಲ್ದು ಅಕ್ಕಾ."

ಲೇಯವ್ವ ಕಂಡಿಕೆಯನ್ನು ಕೆಳಗಿಟ್ಟು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಕಣ್ಣು ಒರೆಸಿಕೊಂಡವಳು, ಕಣಕ ಯಾವತ್ತು ನಾದುತ್ತೀ ಎಂದು ಕೇಳಿದಳು.

ಹೇಳಿದ ದಿನ ಅವಳು ಬಂದಳು. ಇಬ್ಬರೂ ಕೂಡಿ ಮಾಡಿದರು, ಜಗಳವಾಡಿದರು, ಬೀದಿಯವರ ಸುದ್ದಿಯನ್ನೆಲ್ಲ ಆಡಿಕೊಂಡರು. ಎಣ್ಣೆಗೆ ಬಿಡುವ ಮೊದಲು ಲೇಯವ್ವ ಇವಳು ಮಡಚಿದ್ದರಲ್ಲಿ ಕೆಲವನ್ನು ಬಿಚ್ಚಿ ಮತ್ತೆ ಮಡಚಿದಳು. ಕೆಲಸ ಮುಗಿದಾಗ ಮುಯ್ಯಾಳಿನ ಪಾಲೆಂದು ಎಲ್ಲರಿಗೂ ಕೊಡುವಷ್ಟೇ ಅವಳಿಗೂ ಕೊಡಲಾಯಿತು. ಅವಳು ಅದನ್ನು ಸಂಕೋಚವಿಲ್ಲದೆ ಸೆರಗಿಗೆ ಸುರಿದುಕೊಂಡು ಹೋದಳು.

ಕ್ರಿಸ್ಮಸ್ಸಿನ ಹಿಂದಿನ ದಿನ ನೇಕಾರನ ಹೆಂಡತಿ ತಟ್ಟೆ ಹಾಕಲು ಕುಳಿತಿದ್ದಳು. ಅಷ್ಟರಲ್ಲಿ ಎದುರುಮನೆಯಿಂದಲೇ ಒಂದು ತಟ್ಟೆ ಬಂತು. ಲೇಯವ್ವ ತಾನೇ ತಂದಿದ್ದಳು. ಬಟ್ಟೆಯ ಕೆಳಗೆ ನಾಲ್ಕು ಕರ್ಚಿಕಾಯಿ ಇದ್ದವು. ತನ್ನ ಪಾಲಿನಿಂದಲೇ ತೆಗೆದದ್ದು. ಹಬ್ಬಕ್ಕೆ ಮಕ್ಕಳಿಗೆ ಕೊಡು ಎಂದು ಹೇಳಿ, ತಟ್ಟೆಗಾಗಿ ಕಾಯುತ್ತ ಹೊಸ್ತಿಲಲ್ಲಿ ನಿಂತಳು.

ನೇಕಾರನ ಹೆಂಡತಿ ಆ ತಟ್ಟೆ ಹಿಡಿದು ಒಳಗೆ ಬಂದಳು. ಹಲಗೆಯ ಮೇಲೆ ಡಬ್ಬಿಗಳು ತುಂಬಿದ್ದವು. ಗೋಡಂಬಿಯ ಪೊಟ್ಟಣವೂ ಇತ್ತು. ಎಲ್ಲವನ್ನೂ ಆ ತಟ್ಟೆಗೆ ಸುರಿಯಬೇಕೆಂದು ಅವಳ ಕೈ ತುಡಿಯಿತು. ತಿಂಗಳಿಡೀ ಎಣ್ಣೆ ಹಿಡಿದಿಟ್ಟವಳು, ಬೆಲ್ಲ ಹಿಡಿದಿಟ್ಟವಳು, ಆ ಹೊತ್ತು ತನ್ನ ಕೈಯನ್ನು ಹಿಡಿದಿಟ್ಟಳು. ಅದಕ್ಕಿಂತ ಕಷ್ಟದ ಉಳಿತಾಯವನ್ನು ಅವಳು ಎಂದೂ ಮಾಡಿರಲಿಲ್ಲ. ನಾಲ್ಕು ಚಕ್ಕುಲಿ ಇಟ್ಟು, ಬಟ್ಟೆ ಮುಚ್ಚಿ ತಂದು ಕೊಟ್ಟಳು.

ಲೇಯವ್ವ ಬಟ್ಟೆ ಎತ್ತಿ ನೋಡಿದಳು. ನೋಡಿ ನಕ್ಕಳು. ಮರುದಿನ ದೇವಾಲಯದಲ್ಲಿ ಅವಳು ಮುಂದಿನ ಬೆಂಚಿನಲ್ಲಿ ನೇಕಾರನ ಹೆಂಡತಿಯ ಪಕ್ಕದಲ್ಲೇ ಕುಳಿತಿದ್ದಳು. ಆಶೀರ್ವಾದ ಮುಗಿದ ಮೇಲೂ ಇಬ್ಬರೂ ಬೇಗ ಏಳಲಿಲ್ಲ.

ಅಯ್ಯನವರು ಕತೆ ನಿಲ್ಲಿಸಿದರು. ಯೋತಾಮ, ಹಾಗಾದರೆ ಕಡಿಮೆ ಕೊಡಬೇಕು ಎಂದು ಅರ್ಥವೇ ಎಂದು ಕೇಳಿದ. ಹಸಿದವನಿಗೆ ಅಳೆದು ಕೊಡು ಎಂದು ತಾನು ಹೇಳಲಿಲ್ಲ, ಗಂಟು ಒಯ್ದದ್ದು ಒಳ್ಳೆಯದೇ ಎಂದರು ಅಯ್ಯನವರು. ಆಮೇಲೆ ಅವನ ಮುಖವನ್ನೇ ನೋಡುತ್ತ ಕೇಳಿದರು:

"ಆ ಮುದುಕನ ಹತ್ತಿರ ಕುಡಿಯಲು ಒಂದು ಲೋಟ ನೀರಾದರೂ ಕೇಳಿದೆಯಾ?"