ಯಾರನ್ನೂ ಹತ್ತಿರ ಬಿಡದ ಸಿಂಹಾಸನ

ಭಾರ್ಗವಿ ಕಂಪ್ಯೂಟರಿನಲ್ಲಿ ಒಂದು ಅರಮನೆ ಕಟ್ಟಿದಳು. ಅಲ್ಲಿ ಓಡಾಡುವವರು ಸಾಮಾನುಗಳಿಗೆ ಡಿಕ್ಕಿ ಹೊಡೆಯಬಾರದೆಂದು, ಪ್ರತಿಯೊಂದರ ಸುತ್ತ ಅಯಸ್ಕಾಂತದಂಥ ಕಾಣದ ಬಲವೊಂದನ್ನು ತುಂಬಿದಳು. ಹತ್ತಿರ ಬಂದವರನ್ನು ಅದು ಮೆಲ್ಲಗೆ ಆಚೆ ತಳ್ಳುತ್ತಿತ್ತು.

"ಕಂಬಕ್ಕೂ ನನಗೂ ಒಂದೇ ಬಲವೇ? ನನ್ನದು ನೂರು ಪಟ್ಟಾಗಲಿ. ನನ್ನ ಹತ್ತಿರ ನೊಣವೂ ಸುಳಿಯಕೂಡದು" ಎಂದು ಸಿಂಹಾಸನ ಗದರಿತು. ಭಾರ್ಗವಿ ಹಾಗೇ ಮಾಡಿದಳು.

"ನಿನಗೆಷ್ಟು ಬೇಕು?" ಎಂದು ಅಡುಗೆಮನೆಯ ಮಣೆಯನ್ನು ಕೇಳಿದಳು.

"ನನಗೆ ಬೇಡ ತಾಯಿ. ಕೂರುವವರು ಬರಬೇಕಲ್ಲ."

ರಾಜ ಬಂದ. "ದಯಮಾಡಿಸಬೇಕು ಮಹಾಪ್ರಭು!" ಎಂದಿತು ಸಿಂಹಾಸನ. ರಾಜ ಒಂದು ಹೆಜ್ಜೆ ಮುಂದಿಟ್ಟ, ಹತ್ತು ಹೆಜ್ಜೆ ಹಿಂದಕ್ಕೆ ಜಾರಿದ. ಹಟ ಹಿಡಿದು ಓಡಿ ಬಂದ. ಕಿರೀಟ ಒಂದು ಕಡೆ, ತಾನೊಂದು ಕಡೆ ಉರುಳಿ ಅಡುಗೆಮನೆ ಸೇರಿದ. ಅಲ್ಲಿದ್ದ ಮಣೆಯ ಮೇಲೆ ಕುಕ್ಕರಿಸಿ ಉಸ್ಸೆಂದ.

"ಮಹಾಪ್ರಭು, ಅದು ಬರೀ ಮಣೆ!" ಎಂದು ಸಿಂಹಾಸನ ಕೂಗಿತು.

"ಇರಲಿ ಬಿಡು, ಕೂರಿಸಿಕೊಂಡಿತಲ್ಲ" ಎಂದ ರಾಜ.

ಭಾರ್ಗವಿ ಮಣೆಗೆ ಚಿನ್ನದ ಬಣ್ಣ ಬಳಿದು ಆಸ್ಥಾನದಲ್ಲಿಟ್ಟಳು. ಸಿಂಹಾಸನ ಈಗ ಅಡುಗೆಮನೆಯಲ್ಲಿದೆ, ಬೆಲ್ಲದ ಡಬ್ಬಿಯ ಪಕ್ಕ. ಅದು ಬಯಸಿದಂತೆಯೇ ಅಲ್ಲಿ ಒಂದು ನೊಣವೂ ಸುಳಿಯುವುದಿಲ್ಲ.