ಸಲಹೆಯೂ ಕೀಲಿಮಣೆಯೂ

ಜಲಜಾಕ್ಷಿಯ ಕಂಪ್ಯೂಟರಿನಲ್ಲಿದ್ದ ಬರವಣಿಗೆಯ ತಂತ್ರಾಂಶಕ್ಕೆ ಹೊಸದಾಗಿ 'ಸಲಹೆ' ಎಂಬ ಸೌಲಭ್ಯ ಬಂದು ಸೇರಿತು. ಒಂದಕ್ಷರ ಒತ್ತಿದರೆ ಸಾಕು, ಇಡೀ ಪದವನ್ನು ತಾನೇ ಮುಂದಿಡುತ್ತಿತ್ತು.

"ಇನ್ನು ನೀನು ವಿಶ್ರಾಂತಿ ತೆಗೆದುಕೊಳ್ಳಬಹುದು," ಎಂದು ಅದು ಕೀಲಿಮಣೆಗೆ ಹೇಳಿತು. "ಈಕೆ ಏನು ಬರೆಯುತ್ತಾಳೆಂದು ಈಕೆಗಿಂತ ಮೊದಲೇ ನನಗೆ ಗೊತ್ತು."

"ಇದುವರೆಗೆ ಬರೆದದ್ದು ಗೊತ್ತು, ಅಷ್ಟೇ," ಎಂದಿತು ಕೀಲಿಮಣೆ, ತಾನೂ ಬಿಗುಮಾನ ಬಿಡದೆ.

ಆ ಸಂಜೆ ಜಲಜಾಕ್ಷಿ ಅಕ್ಕನಿಗೆ ಬರೆಯಲು ಕೂತಳು. ತಾಯಿಯ ತಿಥಿಯ ದಿನ ಎಲ್ಲರೆದುರು ಅಕ್ಕನನ್ನು ಹೀಯಾಳಿಸಿದ್ದಳು. ಅಂದಿನಿಂದ ಅಕ್ಕ ಈ ಮನೆಗೆ ಕಾಲಿಟ್ಟಿರಲಿಲ್ಲ. ಹಬ್ಬಕ್ಕೊಮ್ಮೆ ಇವಳು "ನಾವೆಲ್ಲ ಕ್ಷೇಮ" ಎಂದಷ್ಟೇ ಬರೆದು ಕಳಿಸುತ್ತಿದ್ದಳು. ಇಂದು "ಅಕ್ಕಾ, ಕ್ಷ" ಎಂದು ಬರೆದು ತಡೆದಳು.

ಸಲಹೆ ತಟ್ಟನೆ "ಕ್ಷೇಮ" ಎಂದು ಮುಂದಿಟ್ಟಿತು. "ಒಂದೇ ಒಂದು ಗುಂಡಿ ಒತ್ತಿ, ಅಮ್ಮಾ. ಮುಗಿಯಿತು!"

ಜಲಜಾಕ್ಷಿಯ ಬೆರಳು ಆ ಗುಂಡಿಯ ಮೇಲೆ ಬಹಳ ಹೊತ್ತು ಇತ್ತು. ಆಮೇಲೆ ಅದನ್ನು ಎತ್ತಿ, ಒಂದೊಂದೇ ಅಕ್ಷರ ಒತ್ತುತ್ತ ಬರೆದಳು: "ಕ್ಷಮಿಸು. ಅವತ್ತು ತಪ್ಪು ನನ್ನದೇ." ಕಳಿಸಿ ಕಣ್ಣೊರೆಸಿಕೊಂಡಳು.

ಸಲಹೆಗೆ ಅವಮಾನವಾಯಿತು. "ಆ ಪದ ನನ್ನ ಬಳಿಯೂ ಇತ್ತಲ್ಲ!"

"ನಿನ್ನ ಬಳಿ ಇತ್ತು," ಎಂದಿತು ಕೀಲಿಮಣೆ ಹೆಮ್ಮೆಯಿಂದ. "ಅವಳ ಬಳಿ ಇರಲಿಲ್ಲ. ಈಗ ತಾನೇ ನನ್ನ ಮೇಲೆ ಅದನ್ನು ಅವಳು ಕಷ್ಟಪಟ್ಟು ಸಂಪಾದಿಸಿದಳು."

ಸಲಹೆ ಇನ್ನೇನೋ ಹೇಳಹೊರಟಿತ್ತು. ಅಷ್ಟರಲ್ಲಿ ಅಕ್ಕನ ಫೋನು ಬಂತು.